ದೋಣಿಯ ವೇಗವೂ ಗುಮಾಸ್ತನ ರಿಜಿಸ್ಟರೂ

ಕೇಂದ್ರ ಸರಕಾರದ ಕಚೇರಿಯಲ್ಲಿ ಇಪ್ಪತ್ತು ವರ್ಷ ಗುಮಾಸ್ತಿಕೆ ಮಾಡಿದವನಿಗೆ ವೇಗದ ವಿಷಯದಲ್ಲಿ ಬಾಯಿ ಹಾಕುವ ಅಧಿಕಾರ ಎಲ್ಲಿಂದ ಬಂತು ಎಂದು ಓದುಗರಲ್ಲಿ ಯಾರಾದರೂ ಕೇಳಿದರೆ ನಾನು ಬೇಸರಪಡುವುದಿಲ್ಲ. ಕಡತವೊಂದು ಈ ಮೇಜಿನಿಂದ ಆ ಮೇಜಿಗೆ ಹೋಗುವುದನ್ನು ಬಸವನಹುಳುವಿನ ನಡಿಗೆಗೆ ಹೋಲಿಸುವುದು ವಾಡಿಕೆ. ಆ ಹೋಲಿಕೆಯಿಂದ ಬಸವನಹುಳುವಿಗೆ ಅವಮಾನವಾಗುತ್ತದೆಂದು ನನ್ನಾಕೆಯ ಅಭಿಪ್ರಾಯ. ಆದರೂ ಕಳೆದ ಒಂದು ವರ್ಷದಿಂದ ಭಾನುವಾರ ಬೆಳಿಗ್ಗೆ ಎದ್ದರೆ ನನಗೆ ವೇಗದ್ದೇ ಚಿಂತೆ. ಅದೂ ಎಂಥ ವೇಗ? ಎರಡಡಿ ಉದ್ದದ, ಬ್ಯಾಟರಿಯಿಂದ ಓಡುವ, ದಡದಲ್ಲಿ ನಿಂತು ರೇಡಿಯೋ ಅಲೆಗಳಿಂದ ನಡೆಸುವ ಒಂದು ಮಾದರಿ ದೋಣಿಯ ವೇಗ!

ದೋಣಿ ನಮ್ಮ ಮನೆಗೆ ಬಂದದ್ದು ಆಕಸ್ಮಿಕ. ನಮ್ಮ ಕ್ವಾರ್ಟರ್ಸಿನ ಮೇಲಿನ ಮಹಡಿಯವರೊಬ್ಬರಿಗೆ ಉತ್ತರಕ್ಕೆ ವರ್ಗವಾಯಿತು. ಸಾಮಾನು ಕಟ್ಟುವಾಗ, ಹೊರಲೂ ಆಗದೆ ಎಸೆಯಲೂ ಮನಸ್ಸಾಗದೆ ಉಳಿದ ವಸ್ತುಗಳಲ್ಲಿ ಇದೂ ಒಂದು. ನನ್ನ ಮಗನ ಕೈಗೆ ಕೊಟ್ಟು ರೈಲು ಹತ್ತಿದರು. ಮಗನಿಗೆ ಆಗ ಹದಿನೈದು ವರ್ಷ, ಹತ್ತನೆಯ ತರಗತಿ. ಹುಡುಗರಿಗೆ ಆ ವಯಸ್ಸಿನಲ್ಲಿ ಏನಾಗುತ್ತದೆಂಬುದು ನಿಮಗೆಲ್ಲ ಗೊತ್ತಿರುವುದೇ. ಮನೆಯಲ್ಲಿ ಅವನ ಮಾತು ‘ಹ್ಞೂಂ’ ಮತ್ತು ‘ಊಹೂಂ’ ಎಂಬೆರಡು ಶಬ್ದಗಳಿಗೆ ಇಳಿದಿತ್ತು. ಅವು ಕನ್ನಡವೋ ಮರಾಠಿಯೋ ಎಂದು ಭಾಷಾಶಾಸ್ತ್ರಜ್ಞರೂ ಹೇಳಲಾರರು. ಭೌತಶಾಸ್ತ್ರ ನೀರಸ, ಮುಂದೆ ಕಾಮರ್ಸ್ ತೆಗೆದುಕೊಳ್ಳುತ್ತೇನೆ ಎಂದು ತಾಯಿಯ ಮೂಲಕ ನನಗೆ ತಿಳಿಸಿದ್ದ. ಕುಂದಾಪುರದ ಕಾಲೇಜಿನಲ್ಲಿ ಅದೇ ಭೌತಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದವನು ನಾನು. ಆ ಪದವಿ ಪ್ರಮಾಣಪತ್ರ ನೇಮಕಾತಿಯ ದಿನ ಒಮ್ಮೆ ಹೊರಗೆ ಬಂದದ್ದು ಬಿಟ್ಟರೆ ಟ್ರಂಕಿನ ತಳದಲ್ಲೇ ಇದೆ. ಹೀಗಿರುವಾಗ ನಾನು ಅವನಿಗೆ ಏನು ಹೇಳಲಿ?

ಅಂಥ ಹುಡುಗ ಒಂದು ರಾತ್ರಿ ನನ್ನ ಬಳಿ ಬಂದು ಪೂರ್ತಿ ಎರಡು ವಾಕ್ಯ ಮಾತಾಡಿದ. “ಅಪ್ಪಾ, ಈ ದೋಣಿಗೆ ದೊಡ್ಡ ಮೋಟಾರು, ನಾಲ್ಕು ಸೆಲ್ಲಿನ ಬ್ಯಾಟರಿ ಹಾಕಿದರೆ ಸ್ಪೀಡ್ ಬರುತ್ತದಂತೆ. ಕೊಡಿಸ್ತೀಯಾ?”

ಬೇಡ ಎನ್ನಲು ಬಾಯಿ ತೆರೆದೆ. ಆದರೆ ಇಪ್ಪತ್ತು ವರ್ಷದ ಅಭ್ಯಾಸ ಕೈ ಹಿಡಿಯಿತು. “ವಿಷಯ ಪರಿಶೀಲನೆಯಲ್ಲಿದೆ” ಎಂದೆ.

ಪರಿಶೀಲನೆಗೆ ಕುಳಿತಾಗ ಮೊದಲು ತಿಳಿದದ್ದು, ಇದು ನಿನ್ನೆ ಮೊನ್ನೆಯ ಆಟವಲ್ಲ ಎಂಬುದು. ನಿಕೋಲಾ ಟೆಸ್ಲಾ ಎಂಬ ಮಹಾ ವಿಜ್ಞಾನಿ 1898ರಲ್ಲೇ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನಲ್ಲಿ, ನೀರು ತುಂಬಿದ ತೊಟ್ಟಿಯಲ್ಲಿ, ಇಂಥದೇ ಒಂದು ವಿದ್ಯುತ್ ದೋಣಿಯನ್ನು ತಂತಿಯ ಸಂಪರ್ಕವಿಲ್ಲದೆ ಓಡಿಸಿ ತೋರಿಸಿದ. ಅದೇ ವರ್ಷ ನವೆಂಬರಿನಲ್ಲಿ ಅದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು, ಸಂಖ್ಯೆ 613809. ನೋಡಿದವರಲ್ಲಿ ಕೆಲವರು ಇದು ಮಾಟ ಎಂದರಂತೆ, ಕೆಲವರು ಒಳಗೆ ಪಳಗಿಸಿದ ಕೋತಿ ಕುಳಿತಿದೆ ಎಂದರಂತೆ. ಇಂದು ನಮ್ಮ ಕೆರೆಯ ದಡದಲ್ಲಿ ಗಾಳ ಹಾಕಿ ಕುಳಿತ ಮುದುಕರೂ “ಕಾಯ್ ಸಾಹೇಬ್, ಒಳಗೆ ಏನಿಟ್ಟಿದ್ದೀರಿ?” ಎಂದೇ ಕೇಳುತ್ತಾರೆ. ನೂರಿಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲದಲ್ಲಿ ಪ್ರಶ್ನೆ ಅಷ್ಟೇನೂ ಬದಲಾಗಿಲ್ಲ.

ಎರಡನೆಯದು ಇನ್ನೂ ಮುಖ್ಯ. ದೋಣಿಯ ವೇಗವನ್ನು ನಿರ್ಧರಿಸುವುದು ಮೋಟಾರಿಗಿಂತ ಮೊದಲು ನೀರು. ವಿಲಿಯಂ ಫ್ರೌಡ್ ಎಂಬ ಇಂಗ್ಲಿಷ್ ಎಂಜಿನಿಯರು 1860 ಮತ್ತು 70ರ ದಶಕಗಳಲ್ಲಿ ಸಣ್ಣ ಸಣ್ಣ ಮಾದರಿ ಹಡಗುಗಳನ್ನು ನೀರಿನಲ್ಲಿ ಎಳೆದೆಳೆದು ಅಳತೆ ಮಾಡಿದ. ದೋಣಿ ಓಡುವಾಗ ತನ್ನ ಮೂತಿಯಲ್ಲಿ ಒಂದು ಅಲೆಯನ್ನು ಎಬ್ಬಿಸುತ್ತದೆ. ವೇಗ ಹೆಚ್ಚಿದಂತೆ ಆ ಅಲೆ ಉದ್ದವಾಗುತ್ತದೆ. ಅಲೆಯ ಉದ್ದವೂ ದೋಣಿಯ ಉದ್ದವೂ ಒಂದಾದಾಗ, ಮುಂದೊಂದು ದಿಬ್ಬ, ಹಿಂದೊಂದು ದಿಬ್ಬ, ನಡುವಿನ ತಗ್ಗಿನಲ್ಲಿ ದೋಣಿ! ಅಲ್ಲಿಂದ ಮುಂದೆ ಹೋಗಬೇಕಾದರೆ ತಾನೇ ಮಾಡಿದ ಗುಡ್ಡವನ್ನು ತಾನೇ ಹತ್ತಬೇಕು. ನಮ್ಮ ದೋಣಿಯ ಉದ್ದ 62 ಸೆಂಟಿಮೀಟರು. ಲೆಕ್ಕ ಹಾಕಿದರೆ ಈ ಮಿತಿ ಗಂಟೆಗೆ ಸುಮಾರು ಮೂರೂವರೆ ಕಿಲೋಮೀಟರಿಗೇ ಬರುತ್ತದೆ. ಮಾರ್ಕೆಟ್ಟಿನಿಂದ ತರಕಾರಿ ಚೀಲ ಹಿಡಿದು ಬರುವ ನನ್ನಾಕೆಯ ನಡಿಗೆ ಇದಕ್ಕಿಂತ ಚುರುಕು.

ಹಾಗಾದರೆ ವೇಗದ ದೋಣಿ ಹೇಗೆ ಓಡುತ್ತದೆ? ಅದು ನೀರನ್ನು ಸೀಳಿಕೊಂಡು ಹೋಗುವುದನ್ನು ಬಿಟ್ಟು ನೀರಿನ ಮೇಲೆ ಏರಿ ಜಾರುತ್ತದೆ. ಚಿಕ್ಕಂದಿನಲ್ಲಿ ಹೊಳೆಯ ದಂಡೆಯಲ್ಲಿ ನಿಂತು ಚಪ್ಪಟೆ ಕಲ್ಲನ್ನು ನೀರ ಮೇಲೆ ಕುಪ್ಪಳಿಸುವಂತೆ ಎಸೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೋಣಿ ಒಮ್ಮೆ ಮೇಲೆದ್ದಿತೆಂದರೆ ನೀರಿಗೆ ತಗಲುವುದು ತಳದ ಹಿಂದಿನ ಸ್ವಲ್ಪ ಭಾಗ ಮಾತ್ರ. ಆಗ ಪ್ರಶ್ನೆ ಬದಲಾಗುತ್ತದೆ. ಎಷ್ಟು ಬಲ ಹಾಕಬೇಕು ಎನ್ನುವುದಕ್ಕಿಂತ ಮೊದಲು, ಹಾಕಿದ ಬಲವನ್ನು ಯಾವುದು ಯಾವುದು ತಿಂದುಹಾಕುತ್ತಿದೆ ಎಂದು ಹುಡುಕಬೇಕು. ಪರಿಶೀಲನೆಯ ಫಲವಾಗಿ ನಾನು ಮಗನಿಗೆ ಕೊಟ್ಟ ಉತ್ತರವೂ ಇದೇ. ಮೋಟಾರು, ಬ್ಯಾಟರಿ ಎರಡೂ ಇದ್ದದ್ದೇ ಇರಲಿ. ಮೊದಲು ಇರುವ ದೋಣಿ ಎಷ್ಟು ಓಡಬಲ್ಲದು ನೋಡೋಣ. ಅವನು “ಹ್ಞೂಂ” ಎಂದ. ಆ ಹ್ಞೂಂಕಾರದಲ್ಲಿ ವಿಶೇಷ ಭರವಸೆಯೇನೂ ಇರಲಿಲ್ಲ.

ಉದ್ದನೆಯ ಒಂದು ರಿಜಿಸ್ಟರು ಕೊಂಡೆ. (ಸ್ವಂತ ಹಣದಿಂದ, ಅಂಗಡಿಯಿಂದ. ಕಚೇರಿಯದಲ್ಲ ಎಂಬುದನ್ನು ಇಲ್ಲಿ ದಾಖಲಿಸುತ್ತೇನೆ.) ಅದರಲ್ಲಿ ಅಂಕಣ ಎಳೆದು ಕನ್ನಡದಲ್ಲೇ ತಲೆಬರಹ ಬರೆದೆ: ದಿನಾಂಕ, ಗಾಳಿ, ಬ್ಯಾಟರಿಯ ವೋಲ್ಟು, ಬದಲಾವಣೆ, 50 ಮೀಟರಿಗೆ ಹಿಡಿದ ಸಮಯ, ಷರಾ. ನಿಯಮ ಒಂದೇ: ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಾವಣೆ ಒಟ್ಟಿಗೆ ಮಾಡಿ ವೇಗ ಹೆಚ್ಚಿದರೆ ಯಾವುದರಿಂದ ಹೆಚ್ಚಿತೆಂದು ಗೊತ್ತಾಗುವುದಿಲ್ಲ. ಒಂದು ಹೆಚ್ಚಿಸಿ ಇನ್ನೊಂದು ತಗ್ಗಿಸಿದ್ದರಂತೂ ಏನೂ ಆಗಲಿಲ್ಲವೆಂದು ಎರಡನ್ನೂ ಬಿಟ್ಟುಬಿಡುತ್ತೇವೆ. ಕಾಲೇಜಿನ ಪ್ರಾಕ್ಟಿಕಲ್ ತರಗತಿಯಲ್ಲಿ ನಮ್ಮ ಮೇಷ್ಟ್ರು ಈ ಮಾತನ್ನು ತಿಂಗಳಿಗೊಮ್ಮೆಯಾದರೂ ಹೇಳುತ್ತಿದ್ದರು. ಗುಮಾಸ್ತಿಕೆಯೂ ನನಗೆ ಬೇರೆಯದೇನನ್ನೂ ಕಲಿಸಿಲ್ಲ.

ಠಾಣೆಗೆ ಕೆರೆಗಳ ಊರೆಂದೇ ಹೆಸರು. ದೊಡ್ಡ ಕೆರೆಗಳಲ್ಲಿ ಜನಜಂಗುಳಿ, ಕಾವಲುಗಾರರ ಕಾಟ. ನಾವು ಆರಿಸಿಕೊಂಡದ್ದು ಊರಂಚಿನ ಒಂದು ಚಿಕ್ಕ ಕೆರೆ. ಬೆಳಿಗ್ಗೆ ಆರೂವರೆಗೆ ಅಲ್ಲಿ ಗಾಳಿ ಇರುವುದಿಲ್ಲ, ಈಜುವವರೂ ಇರುವುದಿಲ್ಲ. ಇದು ಮುಖ್ಯ, ಏಕೆಂದರೆ ಪ್ರೊಪೆಲರಿನ ಅಲಗು ಚೂರಿಗಿಂತ ಕಡಿಮೆಯದಲ್ಲ. ದಡದ ಮೇಲೆ 50 ಮೀಟರು ಅಂತರದಲ್ಲಿ ಎರಡು ಬಿದಿರು ಕೋಲು ನೆಟ್ಟೆವು. ದೋಣಿ ದೂರದಿಂದಲೇ ಪೂರ್ತಿ ವೇಗದಲ್ಲಿ ಬರಬೇಕು. ಮೊದಲನೆಯ ಕೋಲನ್ನು ದಾಟಿದಾಗ ನನ್ನಾಕೆ ಕರವಸ್ತ್ರ ಕೆಳಗಿಳಿಸಬೇಕು. ಎರಡನೆಯ ಕೋಲಿನ ಬಳಿ ನಿಂತ ನಾನು ಮೊಬೈಲಿನ ಗಡಿಯಾರ ಒತ್ತಬೇಕು. ಮಗ ದೋಣಿ ನಡೆಸಬೇಕು. ರೈಲ್ವೆ ಗಾರ್ಡಿನ ಕೆಲಸ ತನಗೆ ಒಪ್ಪುವುದಿಲ್ಲವೆಂದು ಗೊಣಗಿದರೂ ನನ್ನಾಕೆ ಒಂದು ಭಾನುವಾರವನ್ನೂ ತಪ್ಪಿಸಲಿಲ್ಲ. ಬಲದಿಂದ ಎಡಕ್ಕೆ ಎರಡು ಸಲ, ಎಡದಿಂದ ಬಲಕ್ಕೆ ಎರಡು ಸಲ, ನಾಲ್ಕರ ಸರಾಸರಿ. ಅದೂ ಬ್ಯಾಟರಿ ಪೂರ್ತಿ ತುಂಬಿರುವಾಗ ಮಾತ್ರ. ಮೂರು ಸೆಲ್ಲಿನ ಲಿಥಿಯಂ ಬ್ಯಾಟರಿ ತುಂಬಿದಾಗ 12.6 ವೋಲ್ಟು ತೋರಿಸುತ್ತದೆ, ಓಡಿದಂತೆಲ್ಲ ಇಳಿಯುತ್ತದೆ. ಹಸಿದ ಬ್ಯಾಟರಿಯ ಓಟವನ್ನು ತುಂಬಿದ ಬ್ಯಾಟರಿಯ ಓಟದೊಡನೆ ಹೋಲಿಸುವುದು ನ್ಯಾಯವಲ್ಲ.

ಮೊದಲ ದಿನದ ಲೆಕ್ಕ: 8.0 ಸೆಕೆಂಡು. ಎಂದರೆ ಗಂಟೆಗೆ ಇಪ್ಪತ್ತೆರಡೂವರೆ ಕಿಲೋಮೀಟರು.

ಮನೆಗೆ ಬಂದು ದೋಣಿಯ ಹೊಟ್ಟೆ ಬಿಚ್ಚಿದೆವು. ಮೋಟಾರಿನಿಂದ ಪ್ರೊಪೆಲರಿನವರೆಗೆ ತಿರುಗುವ ಶಕ್ತಿಯನ್ನು ಒಯ್ಯುವುದು ಉಕ್ಕಿನ ತಂತಿಗಳನ್ನು ಹೊಸೆದು ಮಾಡಿದ ಒಂದು ಬಳುಕುವ ದಂಡ. ಅದು ಹಿತ್ತಾಳೆ ಕೊಳವೆಯೊಳಗೆ ತಿರುಗುತ್ತದೆ. ಹಳೆಯ ಯಜಮಾನರ ಕಾಲದಲ್ಲಿ ಅದನ್ನು ಹೊರಗೆ ತೆಗೆದ ಲಕ್ಷಣವೇ ಇರಲಿಲ್ಲ. ಕೆಂಪು ತುಕ್ಕು ಹಿಡಿದು, ಕೈಯಲ್ಲಿ ತಿರುಗಿಸಿದರೆ ಕಬ್ಬಿನ ಗಾಣದಂತೆ ನರಳುತ್ತಿತ್ತು. ಉಜ್ಜಿ ಒರೆಸಿದೆವು. ಮಗ ತೆಂಗಿನೆಣ್ಣೆ ತಂದ. ಕರಾವಳಿಯ ರಕ್ತ ನೋಡಿ, ಎಲ್ಲ ರೋಗಕ್ಕೂ ಅದೇ ಮದ್ದು! ಆದರೆ ಇಲ್ಲಿ ಬೇಕಾದದ್ದು ನೀರಿಗೆ ಕರಗದ ಗ್ರೀಸು. ಇನ್ನೊಂದು ಸೂಕ್ಷ್ಮವಿದೆ. ಹೊರೆ ಬಿದ್ದಾಗ ಆ ಹೊಸೆದ ದಂಡ ಬಿಗಿಯಾಗಿ ಸ್ವಲ್ಪ ಗಿಡ್ಡವಾಗುತ್ತದೆ. ಆದ್ದರಿಂದ ಪ್ರೊಪೆಲರಿನ ಹಿಡಿಕೆಗೂ ಕೊಳವೆಯ ತುದಿಗೂ ನಡುವೆ ಎರಡು ಮೂರು ಮಿಲಿಮೀಟರು ಜಾಗ ಬಿಡಬೇಕು. ಬಿಡದಿದ್ದರೆ ಓಡುವಾಗ ಒಂದಕ್ಕೊಂದು ಉಜ್ಜಿ ಬ್ರೇಕು ಹಾಕಿದಂತಾಗುತ್ತದೆ. ನಮ್ಮ ದೋಣಿಯಲ್ಲಿ ಬಿಟ್ಟಿದ್ದ ಜಾಗ ಸೊನ್ನೆ. ಇದಿಷ್ಟು ಸರಿಮಾಡಿದ ಮೇಲೆ, ಗ್ರೀಸಿನ ಖರ್ಚು ಬಿಟ್ಟರೆ ಬಿಡಿಗಾಸಿಲ್ಲದೆ, 7.1 ಸೆಕೆಂಡು.

ಷರಾ ಅಂಕಣ ತುಂಬುವ ಕೆಲಸ ಮಗನದು. ಅವನು ಕನ್ನಡ ಮಾತಾಡಬಲ್ಲ. ಬರೆಯಲು ಶಾಲೆಯಲ್ಲಿ ಕಲಿತವನಲ್ಲ. ಬೇಸಿಗೆ ರಜೆಯಲ್ಲಿ ಅಜ್ಜಿ ಕಲಿಸಿದ ಅಕ್ಷರ ಅಷ್ಟಿಷ್ಟು ಬರುತ್ತಿತ್ತು. ತಲೆಬರಹ ಕನ್ನಡದಲ್ಲಿದ್ದ ಕಾರಣವೋ ಏನೋ, ಅವನೂ ‘ಗ್ರಿಸ ಹಾಕಿದೆ’ ಎಂದು ಬರೆದ. ನಾನು ತಿದ್ದಲಿಲ್ಲ. ಕಚೇರಿಯಲ್ಲಿ ಮೇಲಧಿಕಾರಿಗಳು ಕರಡಿನ ಒಂದೊಂದು ಅಲ್ಪವಿರಾಮಕ್ಕೂ ಕೆಂಪು ಶಾಯಿ ಸುರಿಯುವುದನ್ನು ಕಂಡವನು ನಾನು.

ಮುಂದಿನ ಸರದಿ ಭಾರದ್ದು. ದೋಣಿಯನ್ನು ಎರಡು ಬೆರಳ ಮೇಲೆ ತಕ್ಕಡಿಯಂತೆ ನಿಲ್ಲಿಸಿ ಗುರುತ್ವ ಕೇಂದ್ರ ಗುರುತಿಸಿದೆವು. ಹಿಂಬದಿಯ ಅಂಚಿನಿಂದ 21 ಸೆಂಟಿಮೀಟರು ಮುಂದೆ ಇತ್ತು. ಇಂಥ ಏಣುತಳದ ದೋಣಿಗಳಿಗೆ ಅದು ಉದ್ದದ ಶೇಕಡಾ 30ರ ಆಸುಪಾಸಿನಲ್ಲಿದ್ದರೆ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ. ನಮ್ಮ ಲೆಕ್ಕಕ್ಕೆ ಹದಿನೆಂಟೂವರೆ. ಮುಂದೆ ಭಾರ ಹೆಚ್ಚಾದರೆ ಮೂತಿ ನೀರಿನಿಂದ ಏಳುವುದಿಲ್ಲ, ತಳದ ಹೆಚ್ಚು ಭಾಗ ನೀರಿಗೆ ಅಂಟಿಕೊಂಡಿರುತ್ತದೆ.

ಇದನ್ನು ಮಗನಿಗೆ ವಿವರಿಸುವಾಗ ನನಗೆ ನಮ್ಮೂರ ಕಡವಿನ ಅಂಬಿಗ ನೆನಪಾದ. ಸೇತುವೆಗಳು ಈಗಿನಷ್ಟಿಲ್ಲದ ಕಾಲದಲ್ಲಿ ನಾವು ಹೊಳೆ ದಾಟುತ್ತಿದ್ದುದು ಅವನ ದೋಣಿಯಲ್ಲಿ. ಅಕ್ಕಿ ಮುಡಿ, ಸೈಕಲ್ಲು, ಮೀನು ಬುಟ್ಟಿ, ಮದುವೆ ದಿಬ್ಬಣ ಎಲ್ಲ ಅದರಲ್ಲೇ. ಜನ ಹತ್ತುತ್ತಿದ್ದಂತೆ ಅವನು ಜಲ್ಲೆ ಊರಿಕೊಂಡು ನಿಂತು ದೋಣಿಯ ಅಂಚನ್ನೇ ನೋಡುತ್ತಿದ್ದ. “ಹ್ವಾಯ್ ಮಾಷ್ಟ್ರೇ, ಒಂಚೂರ್ ಹಿಂದ್ ಕೂಕಣಿ” ಎನ್ನುತ್ತಿದ್ದ. ಮಾಷ್ಟ್ರು ಎಷ್ಟೇ ದೊಡ್ಡ ಮನುಷ್ಯರಾಗಿರಲಿ, ಶ್ಯಾನುಭಾಗರೇ ಆಗಿರಲಿ, ಸರಿಯಲೇಬೇಕು. ಅವನು ಗುರುತ್ವ ಕೇಂದ್ರವೆಂಬ ಶಬ್ದ ಕೇಳಿದವನಲ್ಲ. ಆದರೆ ಅವನ ದೋಣಿ ಮೂತಿ ತಗ್ಗಿಸಿ ಹೊರಟದ್ದನ್ನು ನಾನು ಕಂಡಿಲ್ಲ. ಮಗ ಇದನ್ನು ಕೇಳಿ ನಕ್ಕ. ಅಂದಿನಿಂದ ನಮ್ಮ ಮನೆಯಲ್ಲಿ ಬ್ಯಾಟರಿಗೆ ‘ಮಾಷ್ಟ್ರು’ ಎಂದೇ ಹೆಸರು. ಮಾಷ್ಟ್ರನ್ನು 9 ಸೆಂಟಿಮೀಟರು ಹಿಂದೆ ಕೂರಿಸಿದೆವು: 6.4 ಸೆಕೆಂಡು.

ಇನ್ನೂ ಹಿಂದೆ ಕೂರಿಸಿದರೆ? ಅದನ್ನೂ ಪರೀಕ್ಷೆ ಮಾಡಿದೆವು. ದೋಣಿ ಮೂತಿ ಎತ್ತಿ, ಕುಪ್ಪಳಿಸಿ, ಒಂದು ಪಲ್ಟಿ ಹೊಡೆದು ಮಗುಚಿ ಬಿತ್ತು. ತಳದಡಿಗೆ ಗಾಳಿ ನುಗ್ಗಿದರೆ ಆಗುವುದು ಇದೇ. 1967ರ ಜನವರಿ 4ರಂದು ಇಂಗ್ಲೆಂಡಿನ ಕೋನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ಲನ ‘ಬ್ಲೂಬರ್ಡ್’ ಗಂಟೆಗೆ 300 ಮೈಲಿಗೂ ಮೀರಿದ ವೇಗದಲ್ಲಿ ಹೀಗೆಯೇ ಮೂತಿ ಎತ್ತಿ ಮಗುಚಿತು. ಆತ ಬದುಕಿ ಉಳಿಯಲಿಲ್ಲ. ನಮ್ಮದರಲ್ಲಿ ಇದ್ದದ್ದು ಹಳೆಯ ಯಜಮಾನರು ಅಂಟಿಸಿದ್ದ ಹನ್ನೊಂದು ಗ್ರಾಂ ತೂಕದ ಒಂದು ಪ್ಲಾಸ್ಟಿಕ್ ಬೊಂಬೆ ಮಾತ್ರ. ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ ಅದನ್ನು ತೆಗೆದುಹಾಕೋಣವೆಂದರೆ ಮಗ ಒಪ್ಪಲಿಲ್ಲ. ದೋಣಿಯೆಂದ ಮೇಲೆ ಅದರಲ್ಲಿ ಒಬ್ಬನಾದರೂ ಇರಬೇಕಂತೆ. ಮಗುಚಿದ ದೋಣಿಯನ್ನು ತರುವುದು ಹೇಗೆಂದರೆ, ಗಾಳದ ನೂಲಿನ ತುದಿಗೆ ಟೆನಿಸ್ ಚೆಂಡು ಕಟ್ಟಿ ಅದರಾಚೆಗೆ ಎಸೆದು ನಿಧಾನವಾಗಿ ಎಳೆಯುವುದು. ಗಾಳದ ಮುದುಕರು ಅಂದು ಸಹಾಯಕ್ಕೆ ಬಂದರು. ಒಳಗೆ ಕೋತಿ ಇಲ್ಲವೆಂದು ಅವರಿಗೂ ಖಾತ್ರಿಯಾಯಿತು.

ಇಡೀ ವರ್ಷದಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟ ಪಾಠ ನಡೆದದ್ದು ಕೆರೆಯಲ್ಲಲ್ಲ, ಅಡಿಗೆಮನೆಯ ನಲ್ಲಿಯ ಕೆಳಗೆ. ದೋಣಿಯ ತಳದ ಹಿಂದಿನ ಅಂಚನ್ನು ಬೆರಳಿಂದ ಸವರಿದರೆ ನುಣ್ಣಗೆ ಉರುಟಾಗಿತ್ತು. ಅಚ್ಚಿನಿಂದ ತೆಗೆದ ಪ್ಲಾಸ್ಟಿಕ್ ಅಲ್ಲವೆ? ನೋಡಲು ಚೆಂದ. ಆದರೆ ಅಲ್ಲಿ ಅಂಚು ಚೂಪಾಗಿರಬೇಕು ಎಂದೆ. “ಯಾಕೆ? ಚೂಪಾದರೇನು, ಉರುಟಾದರೇನು?” ಎಂದ ಮಗ. ಮೂರು ಪ್ರಶ್ನಾರ್ಥಕ ಶಬ್ದ ಒಟ್ಟಿಗೆ!

ಒಂದು ಸೌಟು ತೆಗೆದುಕೊಂಡು ಅವನನ್ನು ನಲ್ಲಿಯ ಬಳಿಗೆ ಕರೆದೊಯ್ದೆ. ಹಿಡಿಯ ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ಇಳಿಬಿಟ್ಟು, ಸೌಟಿನ ಉಬ್ಬಿದ ಬೆನ್ನನ್ನು ನಲ್ಲಿಯ ನೀರಿಗೆ ತಾಗಿಸಲು ಹೇಳಿದೆ. ನೀರು ಸೌಟನ್ನು ಆಚೆಗೆ ತಳ್ಳುತ್ತದೆಂದು ಎಲ್ಲರೂ ಎಣಿಸುತ್ತಾರೆ. ನೀವೂ ಈ ಲೇಖನ ಕೆಳಗಿಟ್ಟು ಪರೀಕ್ಷಿಸಿ ನೋಡಬಹುದು. ನೀರು ಸೌಟನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ! ಉಬ್ಬಿದ ಮೈಯನ್ನು ಅಪ್ಪಿಕೊಂಡು ನೀರು ತಿರುಗಿ ಹರಿಯುತ್ತದೆ, ಹಾಗೆ ತಿರುಗುವಾಗ ಆ ಮೈಯನ್ನು ಎಳೆಯುತ್ತದೆ. ದೋಣಿಯ ಹಿಂಬದಿಯ ಅಂಚು ಉರುಟಾಗಿದ್ದರೂ ಆಗುವುದು ಇದೇ. ತಳದಡಿಯಿಂದ ಬಂದ ನೀರು ಅಂಚಿನಲ್ಲಿ ಬಿಟ್ಟುಹೋಗದೆ ಹಿಂಬದಿಯ ಗೋಡೆಯನ್ನು ಅಪ್ಪಿ ಮೇಲಕ್ಕೇರಿ, ದೋಣಿಯ ಹಿಂಭಾಗವನ್ನು ಕೆಳಕ್ಕೆ ಜಗ್ಗುತ್ತದೆ. ಅಂಚು ಚೂಪಾಗಿದ್ದರೆ ನೀರಿಗೆ ತಿರುಗಲು ದಾರಿಯಿಲ್ಲ, ಅಲ್ಲಿಗೇ ಕೈಬಿಡುತ್ತದೆ.

ಮಗ ಹತ್ತು ನಿಮಿಷ ನಲ್ಲಿ ಬಿಟ್ಟುಕೊಂಡು ಸೌಟು, ಚಮಚ, ಲೋಟದ ಬೆನ್ನು ಎಲ್ಲವನ್ನೂ ಹಿಡಿದು ನೋಡಿದ. ನೀರು ಬರುವುದೇ ಎರಡು ಗಂಟೆ, ಅದರಲ್ಲಿ ಇವರ ಪ್ರಯೋಗ ಬೇರೆ ಎಂದು ನನ್ನಾಕೆ ನಲ್ಲಿ ತಿರುಗಿಸಿ ಬಂದ್ ಮಾಡಿದಳು. ಅವಳ ಆಕ್ಷೇಪಣೆ ನ್ಯಾಯವಾದದ್ದೇ. ಆದರೆ ಭೌತಶಾಸ್ತ್ರ ನೀರಸವೆಂದು ತೀರ್ಪು ಕೊಟ್ಟವನು ಸೌಟಿನ ಮುಂದೆ ನಿಂತ ಆ ಹತ್ತು ನಿಮಿಷಕ್ಕೆ ನಾನು ಎರಡು ಬಕೆಟ್ ನೀರು ಹೊತ್ತು ತರಲೂ ಸಿದ್ಧನಿದ್ದೆ. ಹೊತ್ತೂ ತಂದೆ.

ಹಿಂಬದಿಯ ಗೋಡೆಗೆ, ಅಂಚಿಗಿಂತ ತುಸು ಕೆಳಗೆ ಬರುವಂತೆ ಟೇಪು ಅಂಟಿಸಿ, ಮೂಲೆಯಲ್ಲಿ ಅರಾಲ್ಡೈಟ್ ತುಂಬಿ, ಒಂದು ದಿನ ಒಣಗಲು ಬಿಟ್ಟು, ಚಪ್ಪಟೆ ಮರದ ತುಂಡಿಗೆ ಎಮರಿ ಕಾಗದ ಸುತ್ತಿ ಉಜ್ಜಿದೆವು. ತಳಕ್ಕೆ ಉಕ್ಕಿನ ಅಳತೆಪಟ್ಟಿ ಇಟ್ಟು ಬೆಳಕಿಗೆ ಹಿಡಿದು ನೋಡಿದರೆ ನಡುವೆ ಒಂದೆಡೆ ಸಣ್ಣ ಉಬ್ಬು ಕಂಡಿತು. ಅದನ್ನೂ ತಟ್ಟುಮಾಡಿದೆವು. (ಇದು ಎರಡು ಬದಲಾವಣೆಯಲ್ಲವೇ ಎಂದು ಮಗ ನಿಯಮ ತೋರಿಸಿದ. ಆದ್ದರಿಂದ ಉಬ್ಬನ್ನು ಮುಂದಿನ ವಾರಕ್ಕೆ ಮುಂದೂಡಿದೆವು.) ಎರಡೂ ಮುಗಿದಾಗ 5.6 ಸೆಕೆಂಡು, ಎಂದರೆ ಗಂಟೆಗೆ 32 ಕಿಲೋಮೀಟರು.

ಇಷ್ಟರಲ್ಲಿ ನಾಲ್ಕು ಸೆಲ್ಲಿನ ಪ್ರಸ್ತಾಪ ಮತ್ತೆ ಬಂತು. ಕೆರೆಯ ಬಳಿ ಪರಿಚಯವಾದ ಯುವಕನೊಬ್ಬ ತನ್ನ ಹಳೆಯ ಬ್ಯಾಟರಿಯನ್ನು ಅರ್ಧ ಬೆಲೆಗೆ ಕೊಡುತ್ತೇನೆಂದಿದ್ದ. ಬ್ಯಾಟರಿಯ ಬದಿ ಸ್ವಲ್ಪ ಉಬ್ಬಿತ್ತು. ಏನೂ ಆಗುವುದಿಲ್ಲ ಎಂದು ಆತನ ಭರವಸೆ. “ಎಲ್ಲದಕ್ಕೂ ಬೇಡ ಅಂತೀಯ” ಎಂದು ಮಗ ಮುಖ ತಿರುಗಿಸಿದ. ನಾಲ್ಕು ತಿಂಗಳಲ್ಲಿ ಕಟ್ಟಿದ್ದೆಲ್ಲ ಆ ಒಂದು ಕ್ಷಣದಲ್ಲಿ ಬಿದ್ದುಹೋಗುವಂತಿತ್ತು. ನಾನು ಬೇಡ ಎನ್ನಲಿಲ್ಲ. ವಿದ್ಯುತ್ ಬಿಲ್ಲಿನ ಹಿಂಬದಿಯನ್ನೂ ಪೆನ್ಸಿಲನ್ನೂ ಅವನ ಮುಂದಿಟ್ಟೆ. ಲೆಕ್ಕ ನೀನೇ ಮಾಡು, ಉತ್ತರ ಸರಿಕಂಡರೆ ಕೊಳ್ಳೋಣ ಎಂದೆ.

ಲೆಕ್ಕ ಹೀಗೆ. ಮೋಟಾರಿನ ಸುತ್ತು ವೋಲ್ಟಿಗೆ ತಕ್ಕಂತೆ ಏರುತ್ತದೆ. ಮೂರರಿಂದ ನಾಲ್ಕು ಸೆಲ್ಲಾದರೆ ಮೂರನೆಯ ಒಂದು ಪಾಲು ಹೆಚ್ಚು. ಆದರೆ ಪ್ರೊಪೆಲರು ಬೇಡುವ ಶಕ್ತಿ ಸುತ್ತಿನ ಘನಕ್ಕೆ ತಕ್ಕಂತೆ ಏರುತ್ತದೆ. ನಾಲ್ಕು ಮೂರಾಂಶದ ಘನ ಎಂದರೆ 64 ಭಾಗಿಸು 27, ಸುಮಾರು 2.4 ಪಟ್ಟು. ಅದನ್ನು ಹೆಚ್ಚಿದ ವೋಲ್ಟಿನಿಂದ ಭಾಗಿಸಿದರೆ ವಿದ್ಯುತ್ ಪ್ರವಾಹ ಸುಮಾರು 1.8 ಪಟ್ಟು. ತಂತಿಯಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗಕ್ಕೆ ತಕ್ಕಂತೆ, ಅಂದರೆ ಮೂರು ಪಟ್ಟಿಗೂ ಮೇಲೆ. ಹೊರೆ ಬಿದ್ದಾಗ ಮೋಟಾರು ತುಸು ನಿಧಾನಿಸುವುದರಿಂದ ನಿಜದಲ್ಲಿ ಸ್ವಲ್ಪ ಕಡಿಮೆಯಾದೀತು. ಆದರೂ ವೇಗ ಹೆಚ್ಚೆಂದರೆ ಮೂರನೆಯ ಒಂದು ಪಾಲು ಏರುವುದಕ್ಕೆ ಶಾಖ ಮೂರು ಪಟ್ಟು! ಮಗ ಎರಡು ಸಲ ಲೆಕ್ಕ ಮಾಡಿದ. ಆಮೇಲೆ, ಓಡಿಸಿ ತಂದಾಗ ಮೋಟಾರು ಈಗಲೇ ಎಷ್ಟು ಬಿಸಿಯಾಗಿರುತ್ತದೆ ಎಂಬುದನ್ನು ತಾನೇ ಜ್ಞಾಪಿಸಿಕೊಂಡ.

ಉಬ್ಬಿದ ಬ್ಯಾಟರಿಯ ಬಗ್ಗೆ ಮಾತ್ರ ನಾನು ಲೆಕ್ಕಕ್ಕೆ ಬಿಡಲಿಲ್ಲ. ಲಿಥಿಯಂ ಬ್ಯಾಟರಿ ಉಬ್ಬಿತೆಂದರೆ ಅದರ ಆಯುಸ್ಸು ಮುಗಿಯಿತು. ಹೊತ್ತಿಕೊಂಡರೆ ಆರಿಸುವುದು ಬಹಳ ಕಷ್ಟ. ನಮ್ಮದು ಎರಡು ಕೋಣೆಯ ಕ್ವಾರ್ಟರ್ಸು, ಮೇಲೂ ಕೆಳಗೂ ಸಂಸಾರಗಳಿವೆ. ನಮ್ಮ ಒಳ್ಳೆಯ ಬ್ಯಾಟರಿಯನ್ನೂ ಪ್ರತಿ ಸೆಲ್ಲನ್ನು ಬೇರೆ ಬೇರೆ ಅಳೆದು ಸಮ ಮಾಡುವ ಚಾರ್ಜರಿನಲ್ಲೇ, ಮಣ್ಣಿನ ಕುಂಡದೊಳಗಿಟ್ಟು, ಬರಿಯ ನೆಲದ ಮೇಲೆ ತುಂಬಿಸುತ್ತೇವೆ. ತುಂಬುವವರೆಗೆ ಒಬ್ಬರು ಪಕ್ಕದಲ್ಲಿ ಕೂತಿರಲೇಬೇಕೆಂಬುದು ನಿಯಮ. ಸುಮಾರು ಒಂದು ಗಂಟೆ. ಶನಿವಾರ ರಾತ್ರಿ ಆ ಒಂದು ಗಂಟೆ ನಾವಿಬ್ಬರೂ ಕುಂಡದ ಆಚೀಚೆ ಕೂರುತ್ತೇವೆ. ಆಗ ಬರುವ ಮಾತುಗಳೆಲ್ಲ ದೋಣಿಯವೇ ಅಲ್ಲ. ಅವನ ತರಗತಿಯ ಜಗಳಗಳು, ಲೋಕಲ್ ರೈಲಿನ ಸುದ್ದಿ, ನಮ್ಮೂರಿನಲ್ಲಿ ಈಗ ಆ ಕಡವಿನ ದೋಣಿ ಏನಾಯಿತೆಂಬ ವಿಚಾರಣೆ ಎಲ್ಲ ಬರುತ್ತವೆ. ಅವು ಈ ಲೇಖನಕ್ಕೆ ಸೇರಿದವಲ್ಲ.

ಕೊನೆಗೆ ನಾವು ಹಣ ಕೊಟ್ಟು ಕೊಂಡದ್ದು ಒಂದೇ: ಲೋಹದ ಪ್ರೊಪೆಲರು. ಇದ್ದದ್ದು ಪ್ಲಾಸ್ಟಿಕ್ಕಿನದು. ಹೊರೆ ಬಿದ್ದಾಗ ಅದರ ಅಲಗು ಬಾಗಿ ನೀರನ್ನು ಜಾರಗೊಡುತ್ತಿತ್ತು. ವ್ಯಾಸ ಅಷ್ಟೇ ಇರಲಿ ಎಂದು 36 ಮಿಲಿಮೀಟರಿನದನ್ನೇ ತಂದೆವು. ವ್ಯಾಸ ಹೆಚ್ಚಿಸುವುದು ಸುಲಭವೆನಿಸುತ್ತದೆ, ಆದರೆ ಅದೇ ಸುತ್ತಿನಲ್ಲಿ ಪ್ರೊಪೆಲರು ಬೇಡುವ ಶಕ್ತಿ ವ್ಯಾಸದ ಐದನೆಯ ಘಾತಕ್ಕೆ ತಕ್ಕಂತೆ ಏರುತ್ತದೆ. 36ರ ಬದಲು 40 ಹಾಕಿದರೆ ಸುಮಾರು 1.7 ಪಟ್ಟು! ನಾಲ್ಕು ಮಿಲಿಮೀಟರು ಎಂದರೆ ಒಂದು ಅಕ್ಕಿಕಾಳಿನಷ್ಟೂ ಇಲ್ಲ. ಹೊಸ ಪ್ರೊಪೆಲರಿನ ಅಲಗನ್ನು ಅರದಿಂದ ತೆಳ್ಳಗೆ ಮಾಡಿ, ಸಣ್ಣ ಕಡ್ಡಿಗೆ ಪೋಣಿಸಿ, ಯಾವ ಅಲಗು ಕೆಳಗಿಳಿಯುತ್ತದೆಂದು ನೋಡಿ, ಭಾರದ ಕಡೆ ಅಷ್ಟಷ್ಟೇ ಉಜ್ಜಿ ಸಮತೂಕಕ್ಕೆ ತಂದೆವು. ಕೈಗೆ ದಪ್ಪ ಕೈಚೀಲ ಹಾಕಿಕೊಂಡೇ ಈ ಕೆಲಸ ಮಾಡತಕ್ಕದ್ದು.

ಅದು ಒಂದು ಸುತ್ತಿಗೆ ಮುಂದೆ ಸಾಗಬೇಕಾದ ದೂರ 50 ಮಿಲಿಮೀಟರು. ಮೋಟಾರು ಒಂದು ವೋಲ್ಟಿಗೆ 1950 ಸುತ್ತಿನದು, 11.1 ವೋಲ್ಟಿಗೆ ನಿಮಿಷಕ್ಕೆ 21,645 ಸುತ್ತು. ಹೊರೆಯಿಂದ ಅದು 17,000ಕ್ಕೆ ಇಳಿಯಿತೆಂದು ಇಟ್ಟುಕೊಂಡರೂ ನಿಮಿಷಕ್ಕೆ 850 ಮೀಟರು, ಗಂಟೆಗೆ 51 ಕಿಲೋಮೀಟರು ಓಡಬೇಕು. ಓಡಿದ್ದು 4.7 ಸೆಕೆಂಡಿನಲ್ಲಿ 50 ಮೀಟರು, ಎಂದರೆ 38 ಕಿಲೋಮೀಟರು. “ಉಳಿದ ಹದಿಮೂರು ಎಲ್ಲಿ ಹೋಯಿತು?” ಎಂದು ಮಗ ಲೆಕ್ಕಪರಿಶೋಧಕರ ಧಾಟಿಯಲ್ಲಿ ಕೇಳಿದ. ನೀರಿನಲ್ಲಿ ಜಾರಿಹೋಯಿತು. ಪ್ರೊಪೆಲರೆಂಬುದು ಮರದಲ್ಲಿ ಕೊರೆಯುವ ತಿರುಪಿನ ಮೊಳೆಯಲ್ಲ. ಅದು ನೀರನ್ನು ಹಿಂದಕ್ಕೆ ಎಸೆದರೆ ತಾನೇ ದೋಣಿ ಮುಂದಕ್ಕೆ ಹೋಗುವುದು?

ಹಿತ್ತಲಲ್ಲಿ ಕೆಲಸ ಮಾಡುವವರ ಕುಲಕ್ಕೆ ಒಬ್ಬ ಮಹಾಪುರುಷನಿದ್ದಾನೆ. ಆಸ್ಟ್ರೇಲಿಯದ ಕೆನ್ ವಾರ್ಬಿ ಎಂಬಾತ ಸಿಡ್ನಿಯ ತನ್ನ ಮನೆಯ ಹಿತ್ತಲಿನಲ್ಲಿ ಮರದ ಒಡಲಿನ ಜೆಟ್ ದೋಣಿ ಕಟ್ಟಿ, 1978ರ ಅಕ್ಟೋಬರ್ 8ರಂದು ಬ್ಲೋಯರಿಂಗ್ ಅಣೆಕಟ್ಟಿನ ನೀರಿನಲ್ಲಿ ಗಂಟೆಗೆ 511 ಕಿಲೋಮೀಟರು ಓಡಿಸಿದ. 2023ರಲ್ಲಿ ಆತ ತೀರಿಕೊಳ್ಳುವವರೆಗೂ ಆ ದಾಖಲೆಯನ್ನು ಯಾರೂ ಮುರಿದಿರಲಿಲ್ಲ. ಈ ಕಥೆ ಕೇಳಿದ ನನ್ನಾಕೆ, ನಮ್ಮ ಕ್ವಾರ್ಟರ್ಸಿಗೆ ಹಿತ್ತಲಿಲ್ಲದಿರುವುದು ದೇವರ ದಯೆ ಎಂದಳು.

ಮಗ ಹನ್ನೊಂದನೆಯ ತರಗತಿಗೆ ಕಾಮರ್ಸೇ ತೆಗೆದುಕೊಂಡ. ಕಾರಣ ಕೇಳಿದೆ, ಹೇಳಿದ. ಒಂದು ಶಬ್ದದಲ್ಲಲ್ಲ, ಒಂದು ಶನಿವಾರದ ಪೂರ್ತಿ ಒಂದು ಗಂಟೆ ಹೇಳಿದ. ಲೆಕ್ಕ ಇಡುವುದು ತನಗೆ ಹಿಡಿಸಿದೆಯಂತೆ. ನಾನು ಒಪ್ಪಿದೆ. ರಿಜಿಸ್ಟರು ಈಗ ಪೂರ್ತಿ ಅವನ ವಶದಲ್ಲಿದೆ.

ಸದ್ಯಕ್ಕೆ ನಮ್ಮ ಮುಂದಿರುವುದು ತಿರುವಿನ ಸಮಸ್ಯೆ. ನೇರ ಓಟದಲ್ಲಿ ದೋಣಿ ಬಾಣದಂತೆ ಹೋಗುತ್ತದೆ. ಚುಕ್ಕಾಣಿ ತಿರುಗಿಸಿದರೆ ಒಂದು ಬದಿಗೆ ಸರಾಗ, ಇನ್ನೊಂದು ಬದಿಗೆ ಹಿಂಭಾಗ ಜಾರಿ ಅರ್ಧ ಕೆರೆ ಸುತ್ತಿಕೊಂಡು ಬರುತ್ತದೆ. ಪ್ರೊಪೆಲರು ಒಂದೇ ದಿಕ್ಕಿಗೆ ತಿರುಗುವುದರಿಂದ ಹಿಂಭಾಗವನ್ನು ಸದಾ ಒಂದು ಬದಿಗೆ ದೂಡುತ್ತಿರುತ್ತದೆ. ಪಂದ್ಯದ ದೋಣಿಗಳವರು ಬಲಕ್ಕೆ ತಿರುಗಲು ಹಿಂಬದಿಯ ಬಲಮಗ್ಗುಲಿಗೆ ಒಂದು ಲೋಹದ ರೆಕ್ಕೆ ಕಟ್ಟುತ್ತಾರೆ. ತಿರುವಿನಲ್ಲಿ ಅದು ನೀರನ್ನು ಕಚ್ಚಿ ಹಿಡಿಯುತ್ತದೆ. ಹಳೆಯ ಅಲ್ಯೂಮಿನಿಯಂ ಪಟ್ಟಿಯೊಂದನ್ನು ಕತ್ತರಿಸಿ ಇಟ್ಟಿದ್ದೇವೆ. ಮಳೆಗಾಲ ಕಳೆದು ಅಂತರಗಂಗೆಯ ಗಿಡ ದಡಕ್ಕೆ ಸರಿಯಬೇಕು, ಇಲ್ಲವಾದರೆ ಅದರ ಬೇರು ಪ್ರೊಪೆಲರಿಗೆ ಸುತ್ತಿಕೊಳ್ಳುತ್ತದೆ. ಎಷ್ಟು ಉದ್ದದ ರೆಕ್ಕೆ, ಯಾವ ಓರೆಯಲ್ಲಿ ಎಂಬುದರ ಬಗ್ಗೆ ನಮ್ಮಿಬ್ಬರಿಗೆ ಇನ್ನೂ ಒಮ್ಮತವಿಲ್ಲ. ಅವನು ಎರಡು ಅಳತೆಯನ್ನೂ ಬರೆದಿಟ್ಟಿದ್ದಾನೆ. ಮೊದಲು ಅವನದನ್ನು ಕಟ್ಟಿ ನೋಡುವುದೆಂದು ತೀರ್ಮಾನವಾಗಿದೆ.